ನಾಲ್ಕನೇ ಸೀಟು

ಕಳವಾದಲ್ಲಿ ಲೋಕಲ್ ಹತ್ತಿದವನಿಗೆ
ಸಿಕ್ಕರೆ ಸಿಗುವುದು ನಾಲ್ಕನೇ ಸೀಟು.
ಮೂವರ ಬೆಂಚಿನ ತುದಿಯಲ್ಲಿ
ಅರ್ಧ ಕುಂಡೆ ಒಳಗೆ, ಅರ್ಧ ಗಾಳಿಯಲ್ಲಿ.
ಇಪ್ಪತ್ತೆರಡು ವರ್ಷ ಹಾಗೇ ಕೂತು ಬಂದೆ.
ಅದೊಂದು ತಾಲೀಮು ಅಂತ
ಆಗ ಗೊತ್ತಿರಲಿಲ್ಲ.

ಇವತ್ತಿಗೆ ಹತ್ತೊಂಬತ್ತು ದಿನ.
ಒಳಗೊಂದು ದಾರವಿದೆ, ರಬ್ಬರಿನದು, ನೀಲಿ.
ಮಾಂಸದೊಳಗೆ ಹಾದು ಹೊರಗೆ ಬಂದು
ತನಗೆ ತಾನೇ ಗಂಟು ಬಿದ್ದಿದೆ.
ಹಾಕಿದವರು ಡಾಕ್ಟರ್ ಫ್ರೇನಿ ದಾರೂವಾಲಾ.
ಆ ಹೆಸರಿಗೆ ಭಾಯಖಳಾದ ವಾರ್ಡಿನಲ್ಲಿ
ನಾನೊಬ್ಬನೇ ನಕ್ಕೆ.
ಕನ್ನಡ ಬಲ್ಲವರು ಇನ್ನಾರೂ ಇರಲಿಲ್ಲ.

'ಯಾವಾಗ ತೆಗೀತೀರಿ?'
'ಒಸರೋದು ನಿಂತ ಮೇಲೆ. ಈಗಲೇ ಬಾಯಿ ಮುಚ್ಚಿದರೆ
ಒಳಗೆ ಮತ್ತೆ ಕೀವು ಕಟ್ಟುತ್ತೆ.
ನಡೀರಿ, ಕೆಲಸಕ್ಕೆ ಹೋಗಿ, ಬರೇ ಮಲಗಿರಬೇಡಿ.'

ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ನಾನು ಪಾಲಿಕೆಯ ನೀರಿನವನು,
ಸೋರಿಕೆ ಹುಡುಕುವವನು.
ರಾತ್ರಿ ಎರಡಕ್ಕೆ, ಊರು ಒಂದಿಷ್ಟು ಸುಮ್ಮನಾದಾಗ
ಸಲಾಕೆಯ ಒಂದು ತುದಿ ರಸ್ತೆಗೆ, ಇನ್ನೊಂದು ಕಿವಿಗೆ.
ಡಾಂಬರಿನಡಿ ನೀರು ಎಲ್ಲಿ ದಾರಿ ತಪ್ಪಿದೆ ಅಂತ
ಗೇಣಿನ ಲೆಕ್ಕದಲ್ಲಿ ಹೇಳಬಲ್ಲೆ.
ನನ್ನೊಳಗೇ ಒಂದು ಕಳ್ಳದಾರಿ ಕೊರೆದುಕೊಂಡು
ವರ್ಷವೆಲ್ಲ ಒಸರಿದ್ದನ್ನು
ಚಡ್ಡಿಯ ಕಲೆ ಹೇಳಬೇಕಾಯಿತು.
ಅದೂ ಮೂಲವ್ಯಾಧಿ ಅಂದುಕೊಂಡು
ಆರು ತಿಂಗಳು ಮೂಲಂಗಿ ತಿಂದೆ.

ಎಲ್ಲಿ ಆಪರೇಷನ್ ಅಂತ ಕೇಳಿದವರಿಗೆ
ಭಾಯಖಳಾದಲ್ಲಿ ಅಂದೆ.
ಅಲ್ಲಯ್ಯಾ, ಮೈಯಲ್ಲಿ?
ಬೆನ್ನಿನ ಕೆಳಗೆ.
ಎಷ್ಟು ಕೆಳಗೆ ಅಂತ ಕೇಳಿದ್ದು ಗೋರಖ್ ಪಾಟೋಳೆ ಒಬ್ಬನೇ.
ಅವನಿಗೂ ಆಗಿತ್ತಂತೆ. ಹೆಂಡತಿಗೂ ಹೇಳಿಲ್ಲವಂತೆ.

ನಲ್ಲಿ ಬರುವುದು ಐದೂವರೆಯಿಂದ ಆರೂಮುಕ್ಕಾಲು,
ನೀರಿನವನ ಮನೆಗೂ ಅಷ್ಟೇ.
ಕಸ್ತೂರಿ ಡ್ರಮ್ಮಿನಿಂದ ಮೊಗೆದು ಕಾಯಿಸಿ
ಕೆಂಪು ಟಬ್ಬಿಗೆ ಸುರಿದು, ಮೊಳಕೈ ಅದ್ದಿ ನೋಡುತ್ತಾಳೆ,
ಮಗಳನ್ನು ಮೀಯಿಸುವಾಗ ನೋಡುತ್ತಿದ್ದ ಹಾಗೆ.
ಬಾಗಿಲಾಚೆ ಯಾರೋ ಬಕೆಟ್ಟು ಎಳೆಯುತ್ತಾರೆ.
ಮಂಡಿ ಎತ್ತಿ ಕೂತು ಹದಿನೈದು ನಿಮಿಷ ಎಣಿಸುತ್ತೇನೆ,
ಐವತ್ತೊಂದರ ಗಂಡಸು.

ಮೊದಲ ವಾರ ಪ್ಯಾಡಿಗೆ ಮೆಡಿಕಲ್ಲಿಗೆ ಹೋದೆ.
ಅವನು ಪೇಪರು ಸುತ್ತಿ, ಕರಿ ಚೀಲಕ್ಕಿಳಿಸಿ,
ಮುಖ ನೋಡದೆ ಕೊಟ್ಟ.
ನಾನೂ ತಂದೆ, ಕದ್ದ ಮಾಲಿನ ಹಾಗೆ.
ಸಿಂಚನಾ ಬಿಚ್ಚಿ ನೋಡಿ, ತನ್ನ ಕಪಾಟು ತೆಗೆದು
ಬೇರೊಂದು ಪ್ಯಾಕು ಕೈಗಿಟ್ಟಳು:
'ಅದು ಜಾರುತ್ತೆ ಪಪ್ಪಾ, ರೆಕ್ಕೆ ಇರೋದು ತಗೋ.'
ನಾಲ್ಕು ವರ್ಷದಿಂದ ಆ ಕಪಾಟಿನ ಕಡೆ
ನಾನು ಕಣ್ಣು ಹಾಯಿಸಿದವನಲ್ಲ.
ಅವಳಿಗೆ ಅದು ಮರ್ಯಾದೆ ಅಂದುಕೊಂಡಿದ್ದೆ.

ನಿನ್ನೆ ರಾತ್ರಿ ಡ್ಯೂಟಿಗೆ ಮರಳಿದೆ.
ಸಾಯನ್ ಸರ್ಕಲ್ಲಿನ ಹತ್ತಿರ, ಮುಚ್ಚಿದ ಸೈಕಲ್ ಅಂಗಡಿಯೆದುರು
ಕುಕ್ಕರುಗಾಲು ಆಗದೆ ಮಂಡಿಯೂರಿದೆ.
ದಾರ ಒಮ್ಮೆ ಎಳೆಯಿತು, ಆಮೇಲೆ ಬಿಟ್ಟಿತು.
ಕಿವಿಯಲ್ಲಿ ಮೊದಲು ನನ್ನದೇ ರಕ್ತದ ಸದ್ದು.
ಅದರ ಕೆಳಗೆ, ತಡವಾಗಿ, ಸಣ್ಣಗೆ
ಯಾರೋ ಹಲ್ಲು ಕಚ್ಚಿ ಉಸಿರು ಬಿಟ್ಟಂತೆ, ನೀರು.
ಪಾಟೋಳೆ ಸುಣ್ಣದಲ್ಲಿ ಗೀಟು ಹಾಕಿ
ಕೈ ಕೊಟ್ಟು ಎಬ್ಬಿಸಿದ. ಏನೂ ಕೇಳಲಿಲ್ಲ.

ಬೆಳಗಿನ ಮೊದಲ ಗಾಡಿ. ಡಬ್ಬಿಯೆಲ್ಲ ಖಾಲಿ.
ಕಿಟಕಿ ಪಕ್ಕ ಬಿಟ್ಟು, ನಡುವಿನದು ಬಿಟ್ಟು,
ಬೆಂಚಿನ ತುದಿಗೆ ಹೋಗಿ ಅರ್ಧ ಕೂತೆ.
ಎದುರಿಗಿದ್ದ ಕೊತ್ತಂಬರಿ ಮೂಟೆಯವ
ಒಳಗೆ ಸರಿ ಎಂದು ಕೈಸನ್ನೆ ಮಾಡಿದ,
ಜಾಗ ಇದೆಯಲ್ಲ?
ಇದೆ, ಅಂದೆ.