ಕುಡಿ ಮುರಿಯದ ಗಿಡ

ದಸ್ತಗೀರ ತಂದ ಚೀಟಿನ್ಯಾಗ ಏನಿತ್ತಂತೀರಿ?
ಒಂದು ಚಿಟಿಕಿ ನಶ್ಯ.
ಮೂಗಿಗೆ ಹಿಡದೆ, ಸೀನು ಬರಲಿಲ್ಲ.
"ಅಕ್ಕಾತಾಯಿ, ಅದು ಬೀಜ," ಅಂದ,
"ನೀಲಗಿರಿ. ರಸ್ತಾ ಮಗ್ಗಲ ಗೂಟದಂಗ ನಿಂತಾವಲ್ಲ, ಅವಲ್ಲ;
ಇದರ ಹೂವಿನಾಗ ಜೇನಹುಳ ಮುಳುಗಿ ಏಳತಾವಂತ."

ಅಕ್ಕೋಳದಾಗ ನಲವತ್ತು ವರ್ಷ
ತಂಬಾಕಿನ ಮಡಿ ಮಾಡಿದಾಕಿ ನಾನು.
ಕಣ್ಣಿಗೆ ಹತ್ತದ ಬೀಜಕ್ಕ ಬೂದಿ ಕೂಡಿಸಿ
ಉಸಿರು ಹಿಡದು ಉದುರಿಸಿದಾಕಿ.
ಉಸಿರು ಬಿಟ್ಟರ ಅರ್ಧ ಎಕರೆ ಹಾರಿ ಹೋಗತಿತ್ತು.
ಅದಕ್ಕ ನನ್ನ ಕಡೆ ಬಂದಾನ ಈ ಹುಡುಗ,
ಎಂಟು ಪೆಟ್ಟಿಗಿ ಜೇನು, ಒಂದು ಹಳೇ ಮೋಟರಸೈಕಲ್ಲು,
ಬಾಯಿ ತುಂಬ ಲೆಕ್ಕ.

ಸಾಣಿಸಿದ ಉಸುಕು, ಹಳೇ ಗೊಬ್ಬರ,
ತೂತು ಬಿದ್ದ ಬೋಗಾಣಿ ತಳಕ್ಕ ಹರಳು.
ಮ್ಯಾಲ ಮಣ್ಣು ಮುಚ್ಚಬಾರದು, ಅಂಗೈಲೆ ಒತ್ತಬೇಕು,
ಕೂಸಿನ ನೆತ್ತಿಗೆ ಎಣ್ಣಿ ಒತ್ತಿದಂಗ.
ಮ್ಯಾಲಿಂದ ನೀರು ಹಾಕಿದರ ಬೀಜ ಓಡಿ ಹೋಗತಾವು;
ಪರಾತದ ನೀರಾಗ ಬೋಗಾಣಿ ಕೂಡಿಸಿದೆ,
ತಳದಿಂದ ಹೀರಿಕೊಳ್ಳಲಿ ಅಂತ.
ಇದನ್ನ ಯಾರೂ ಕಲಿಸಿದ್ದಲ್ಲ, ತಂಬಾಕು ಕಲಿಸಿದ್ದು.

ಎಂಟನೇ ದಿವಸ ಕೆಂಪು ದಂಟು, ತುದಿಗೆ ಎರಡು ಎಲಿ,
ಪಾತರಗಿತ್ತಿ ಕೂತಂಗ.
ಹನ್ನೊಂದನೇ ದಿವಸ ಕುತ್ತಿಗಿ ಸೊರಗಿ
ನಲವತ್ತು ಸಸಿ ಒಂದೇ ರಾತ್ರಿ ಮಲಗಿದವು.
ದಸ್ತಗೀರ ಮಾರಿ ಸಣ್ಣದು ಮಾಡಿದ.
ನಾ ಬೂದಿ ಉಗ್ಗಿದೆ, ನೀರು ಕಡಿಮಿ ಮಾಡಿದೆ, ಬೈದೆ.
ಉಳದದ್ದು ಒಂಬತ್ತು.

"ಬಾವಿ ಕುಡದು ಬಿಡತೈತಿ ಅದು," ಅಂದಳು ಚಂಪಾತಾಯಿ.
ಸುಳ್ಳೇನಲ್ಲ.
ಬಾವಿ ಮಗ್ಗಲಕ ಬ್ಯಾಡ, ಮೂರ ಸಾಕು, ಅಂತ ನಾನೂ ಅಂದೆ.
ತವನಪ್ಪ ತಮ್ಮ ಒಡ್ಡಿನ ಮೂಲಿ ತೋರಿಸಿದರು,
ವೇದಗಂಗಾ ಏರಿ ಬಂದಾಗ ನೀರು ನಿಲ್ಲೂ ಜಾಗ.
"ಅಲ್ಲಿ ಕುಡೀಲಿ ಎಷ್ಟರ ಕುಡೀಲಿ."
ಜೈನರು ಅವರು, ಹುಟ್ಟಿದಾಗಿಂದ ಜೇನು ನಾಲಿಗಿಗೆ ಹಚ್ಚಿಲ್ಲ.
"ತುಪ್ಪ ನಿಮಗಿರಲಿ," ಅಂದರು, "ಹುಳಕ್ಕ ನೆಳ್ಳು ನನ್ನದಿರಲಿ."

ಮುಂದಿನ ಮಾತು ಯಾರಿಗೂ ಹೇಳಿಲ್ಲ.
ಗಿಡ ನನ್ನ ಎದಿತನಕ ಬಂದ ದಿವಸ
ಒಬ್ಬಾಕಿನ ಹೋಗಿದ್ದೆ.
ತುದಿಗೆ ಎಳೀ ಕುಡಿ. ಕೈ ತಾನ ಹೋತು.
ಹೆಬ್ಬೆರಳು, ತೋರಬೆರಳು, ಉಗುರು,
ಚಿಟ್ ಅನ್ನಬೇಕು, ಅಷ್ಟರಾಗ ನಿಂತೆ.

ತಂಬಾಕು ಹೂ ಬಿಡಬಾರದು.
ಬಿಟ್ಟರ ಎಲಿಗೆ ಖಾರ ಇಳಿಯೂದಿಲ್ಲ.
ಮೊಗ್ಗಿ ಮೂಡಿದ ಕೂಡಲೆ ಮುರದು ಒಗಿಯೂದು,
ಬಗಲಾಗ ಚಿಗತದ್ದೂ ಮುರಿಯೂದು,
ಸಾಲಿನಿಂದ ಸಾಲಿಗೆ, ಕೈ ತುಂಬ ಕರೀ ಜಿಗಟು,
ರೊಟ್ಟಿ ತಿಂದರ ಕಹಿ, ಕೂಸಿನ ಗಲ್ಲ ಹಿಡದರ ಕಹಿ.
ಎಷ್ಟು ಸಾವಿರ ಹೂವು
ಈ ಎರಡು ಬೆರಳಿನ ನಡುವ ಹೋದವೋ!
ಹುಳ ಬಂದು ನೋಡಿ ತಿರುಗಿ ಹೋಗಿರಬೇಕು.
ಆಗ ನಾ ಹುಳ ನೋಡಿರಲಿಲ್ಲ, ಪಗಾರ ನೋಡತಿದ್ದೆ.

ಸೆರಗಿಗೆ ಕೈ ಒರಸಿಕೊಂಡೆ,
ಒರಸೂವಂಥದ್ದು ಏನೂ ಇರಲಿಲ್ಲ.

ಐದನೇ ವರ್ಷದ ಥಂಡಿಗೆ ಮೊಗ್ಗಿ.
ಎಸಳ ಇಲ್ಲ ಈ ಹೂವಿಗೆ.
ಮೊಗ್ಗಿಗೊಂದು ಟೊಪ್ಪಿಗಿ,
ಒಳಗಿಂದ ದೂಡಿ ದೂಡಿ ಅದು ಉದುರಿದರ
ಬೆಳ್ಳನ ಕೂದಲು ಎದ್ದು ನಿಲ್ಲತಾವು,
ತಳದಾಗ ಬಟ್ಟಲು, ಬಟ್ಟಲಾಗ ಹೊಳಪು.
ಯಾರೂ ಮುರಿಯಬೇಕಾಗಿಲ್ಲ.

ರಾತ್ರಿ ತಂದಿಟ್ಟ ಪೆಟ್ಟಿಗಿ ಬಾಗಲಾ
ನಸುಕಿನ್ಯಾಗ ತೆಗದ ದಸ್ತಗೀರ,
ಲೆಕ್ಕ ಹೇಳೂದ ಮರತು ನಿಂತ.
ತವನಪ್ಪ ಚಪ್ಪಲಿ ಬಿಟ್ಟು ಒಡ್ಡಿನ ಮ್ಯಾಲ ಕೂತಿದ್ದರು.
ಮೊದಲ ಒಂದು ಹುಳ, ಆಮ್ಯಾಲ ನಾಕು,
ಬಿಸಲು ಏರೂದರಾಗ ಗಿಡಕ್ಕ ಗಿಡಾನ ಗುಂಯ್ ಅಂತು.

ಒಂದು ನನ್ನ ಹೆಬ್ಬೆರಳಿನ ಮ್ಯಾಲ ಕೂತು
ಅತ್ತಿತ್ತ ಮೂಸಿ ನೋಡಿತು.
ಕಹಿ ಇನ್ನೂ ಐತೇನೋ.
ಉಸಿರು ಹಿಡದು ನಿಂತೆ,
ಬೀಜ ಉದುರಿಸೂವಾಗಿನಂಗ.