ಮೂರನೆಯ ಬೋಗುಣಿ

ಝೋಂಬಾದ ತರಬೇತಿ ಕೋಣೆಯಲ್ಲಿ
ಹನ್ನೊಂದು ಗಂಟೆಗೆ ಕರೆಂಟು ಹೋಯಿತು.
ಪರದೆಯ ಮೇಲೆ ಏರುತ್ತಿದ್ದ ಕೆಂಪು ಗೆರೆ
ನೆತ್ತಿ ಮುಟ್ಟುವ ಮೊದಲೇ ಮಾಯ.
ಹದಿನಾಲ್ಕು ಮಂದಿ ನಾವು, ದಾದಿಯರು, ಲ್ಯಾಬಿನವರು,
ಸೈಕಲ್ಲಿನಲ್ಲಿ ಹಳ್ಳಿ ಸುತ್ತುವ ಆರೋಗ್ಯ ಸಹಾಯಕರು,
ಒಳಗೊಳಗೇ ಖುಷಿಪಟ್ಟೆವು, ಸುಳ್ಳೇಕೆ.

ಡಾಕ್ಟರ್ ವೆಝಿ ಗೊಂಡ್ವೆ ಅಡುಗೆಮನೆಗೆ ಹೋಗಿ
ಮೂರು ಪ್ಲಾಸ್ಟಿಕ್ ಬೋಗುಣಿ ತಂದಳು,
ಒಂದು ಸೇರು ಬಿಳಿ ಮೆಕ್ಕೆಜೋಳ ತಂದಳು.
"ಇದು ಊರು" ಅಂದಳು. ಸುರಿದಳು.
ಮೊದಲನೆಯದು, ಇನ್ನೂ ಸೋಂಕು ತಗಲದವರು.
ಎರಡನೆಯದು, ತಗಲಿದವರು.
ಮೂರನೆಯದು, ಮುಗಿದವರು.
"ಮುಗಿದವರು ಅಂದರೆ?" ಪಕ್ಕದ ಲಕ್ಸನ್ ಕೇಳಿದ.
"ಇನ್ನು ಯಾರಿಗೂ ಹಚ್ಚಲಾರದವರು."

ಕಾಳು ಸಾಗಿಸುವ ಕೆಲಸ ನನಗೆ.
ಅವಳು ಚಿಟಿಕೆ ಹೊಡೆದರೆ ಒಂದು ದಿನ.
ಒಂದು. ಎರಡು. ನಾಲ್ಕು. ಎಂಟು.
ಆಮೇಲೆ ಬೆರಳು ಸಾಲದೆ ಬೊಗಸೆಯಲ್ಲಿ ಬಾಚಿದೆ.
ಇಪ್ಪತ್ತೆರಡು ವರ್ಷ ಉಪ್ಪು ಸಕ್ಕರೆ ನೀರು ಕಲಸಿದ ಕೈ ಇದು,
ದುಪ್ಪಟ್ಟು ಅಂದರೇನು ಎಂದು
ಈ ಕೈಗೆ ತಿಳಿದದ್ದು ಇವತ್ತು.

"ಈಗ ಎಲ್ಲರೂ ಎಲ್ಲರೊಡನೆ
ಸಮನಾಗಿ ಬೆರೆಯುತ್ತಾರೆ ಅಂದುಕೊಳ್ಳಿ."
ನಗು ತಡೆಯಲಾಗಲಿಲ್ಲ.
ಮೇಡಂ, ನಮ್ಮ ಚಿಲ್ವಾ ಸರೋವರಕ್ಕೆ ಬನ್ನಿ ಒಮ್ಮೆ.
ನೀರಿನ ನಡುವೆ ಜೊಂಡು ಮುರಿದು ಹಾಸಿ,
ಅದರ ಮೇಲೆ ಹುಲ್ಲಿನ ಗುಡಿಸಲೆತ್ತಿ
ತೇಲುತ್ತ ಬದುಕುವ ಮೀನುಗಾರರಿದ್ದಾರೆ.
ವಾರಗಟ್ಟಲೆ ದಡ ಮೆಟ್ಟರು.
ಕುಡಿಯುವುದು ಗುಡಿಸಲ ಬಲಗಡೆಯ ನೀರು,
ಉಳಿದದ್ದೆಲ್ಲ ಎಡಕ್ಕೆ.
ನೀರಿಗೆ ಎಡಬಲ ಗೊತ್ತೇ?
ಅವರು ಬೆರೆಯುವುದು ದೋಣಿಯಲ್ಲಿ ಮಂಡಾಸಿ ಮಾರುವವಳ ಜೊತೆ,
ಮೀನು ಕೊಳ್ಳಲು ಬಂದವನ ಜೊತೆ.
ಕಚುಲು ಬಂದರಿನ ಪಾದ್ರಿ ಅವರ ಕೈ ಕುಲುಕುವುದಿಲ್ಲ.
ನನ್ನ ಸ್ವಂತ ತಂಗಿಯೂ ಕುಲುಕುವುದಿಲ್ಲ.
ಈ ನಾಡಿನಲ್ಲಿ ಸಮನಾಗಿ ಬೆರೆಯುವುದು
ನ್ಸೀಮಾ ಮುದ್ದೆಯ ಹಿಟ್ಟು ಮತ್ತು ನೀರು,
ಅದೂ ಚೆನ್ನಾಗಿ ತೊಳಸಿದರೆ.

ವೆಝಿ ನಗಲಿಲ್ಲ. ಸೀಮೆಸುಣ್ಣ ಕೊಟ್ಟಳು.
"ಹಾಗಾದರೆ ಬರೆಯಿರಿ, ಎಸ್ನಾರ್ಟ್.
ಯಾರು ಯಾರನ್ನು ಮುಟ್ಟುತ್ತಾರೆ?"

ಜಿಲ್ಲಾ ಕಚೇರಿಯ ಫಾರಮ್ಮು ಇದನ್ನು ಕೇಳಿದ್ದಿಲ್ಲ ಎಂದೂ.
ಎಷ್ಟು ಕೇಸು, ಎಷ್ಟು ಸಾವು, ಎಷ್ಟು ಡಬ್ಬಿ ಕ್ಲೋರಿನ್,
ಅಷ್ಟೇ. ಬರೆದೆ.
ಬೋರ್ಡು ತುಂಬ ಬಾಣಗಳು, ಮುಳ್ಳುಕಂಟಿಯ ಹಾಗೆ.
ಬರೆಯುತ್ತ ಬರೆಯುತ್ತ
ಮೂರನೆಯ ಬೋಗುಣಿಯ ಹತ್ತಿರ ಕೈ ನಿಂತಿತು.

ಅಲ್ಲಿ ಗುಣವಾಗಿ ಮನೆಗೆ ನಡೆದವರು ಇದ್ದಾರೆ.
ಚಾಪೆಯಲ್ಲಿ ಸುತ್ತಿ ಮನೆಗೆ ಒಯ್ದವರೂ ಇದ್ದಾರೆ.
ಲಿಪೆಂಗಾ ಅಣ್ಣ, ಲಿಪೆಂಗಾ ತಮ್ಮ,
ಒಂದೇ ದೋಣಿಯಲ್ಲಿ ಬಂದವರು, ಒಂದೇ ರಾತ್ರಿ,
ನನ್ನ ಬಳಿ ಇದ್ದದ್ದು ಒಂದೇ ಡ್ರಿಪ್ಪು.
"ಇಬ್ಬರೂ ಒಂದೇ ಬೋಗುಣಿಯೇ?"

"ರೋಗದ ಕಣ್ಣಿಗೆ ಇಬ್ಬರೂ ಒಂದೇ" ಅಂದಳು ವೆಝಿ, ಮೆಲ್ಲಗೆ.
ಹಾಗಾದರೆ ಎರಡು ದಿನದಿಂದ ನಾವು
ಕಾಲರಾದ ಕಣ್ಣಿನಲ್ಲಿ ನೋಡುವುದನ್ನು
ಕಲಿಯುತ್ತಿದ್ದೇವೆ.

"ಆ ಕಣ್ಣಿಗೂ ಒಂದೇ ಅಲ್ಲ, ಮೇಡಂ.
ತಮ್ಮನ ಹೆಣ ತೊಳೆದವರು ಐದು ಹೆಂಗಸರು.
ತೊಳೆದ ಕೈಯಲ್ಲೇ ಬಂದವರಿಗೆ ಬಡಿಸಿದರು.
ಮುಗಿದವರು ಮುಗಿದಿರುವುದಿಲ್ಲ."

ಯಾರೂ ಮಾತಾಡಲಿಲ್ಲ. ಲಕ್ಸನ್ ಎದ್ದು
ತನ್ನ ಚಹಾದ ಬಸಿ ಒರೆಸಿ ತಂದಿಟ್ಟ,
ನಾಲ್ಕನೆಯದಾಗಿ.
ಅಲ್ಲಿಂದ ಹಿಂದಕ್ಕೆ, ಮೊದಲ ಬೋಗುಣಿಯ ಕಡೆಗೆ
ವಕ್ರವಾಗಿ ಒಂದು ಬಾಣ ಎಳೆದೆ.

ಕರೆಂಟು ಬಂತು. ಕೆಂಪು ಗೆರೆ
ನೆತ್ತಿ ದಾಟಿ ಇಳಿಯಿತು, ನುಣ್ಣಗೆ.
ಎಲ್ಲರೂ ಅದರ ಫೋಟೋ ತೆಗೆದುಕೊಂಡರು.
ಅಡುಗೆಯವಳು ಬಂದು ಜೋಳವನ್ನೆಲ್ಲ
ಒಂದೇ ಪಾತ್ರೆಗೆ ಸುರಿದುಕೊಂಡು, ಗೊಣಗುತ್ತ ಹೋದಳು.

"ನಿಮ್ಮ ಬಾಣಕ್ಕೆ ಒಂದು ಸಂಖ್ಯೆ ಬೇಕು, ನಾಳೆಗೆ."

ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು
ಕಚುಲುವಿಗೆ ಫೋನು ಹಚ್ಚಿದೆ, ವಾರ್ಡಿನ ಗಿಫ್ಟನ್‌ಗೆ.
ನೀರು ಕುಡಿದು ಉಬ್ಬಿದ ಆ ರಿಜಿಸ್ಟರು ತೆಗೆ,
ಫೆಬ್ರವರಿ ಪುಟ, ಅಂಟಿಕೊಂಡಿದ್ದರೆ ಹುಷಾರಾಗಿ ಬಿಡಿಸು,
ಹೆಣ ತೊಳೆದು ಆಮೇಲೆ ಬಂದವರು ಎಷ್ಟು ಹೇಳು.

ಎಷ್ಟು ಎಂದು ಕೇಳಿದರೆ
ಅವನು ಹೆಸರು ಓದತೊಡಗಿದ.
ತಡೆಯಲಿಲ್ಲ ನಾನು. ಬೆರಳು ಮಡಚುತ್ತ ಹೋದೆ.
ಒಂಬತ್ತನೆಯ ಹೆಸರಿನ ಅರ್ಧಕ್ಕೆ
ಫೋನಿನ ದುಡ್ಡು ಮುಗಿಯಿತು.