ಜಾಲಿಮುಳ್ಳು

ಗಂಗಾವತಿ ದಾಟಿ ಡಾಂಬರು ಬಿಟ್ಟೆ.
ಕಾಲುವೆ ದಂಡೆಯ ಗರಸು
ಹ್ಯಾಂಡಲ್ಲಿನಿಂದ ಹಲ್ಲಿನ ತನಕ ನಡುಗಿಸುತ್ತದೆ.
ಎಡಕ್ಕೆ ನೀರು, ಬಲಕ್ಕೆ ಭತ್ತ,
ಭತ್ತದಾಚೆ ಗುಂಡಿನ ಮೇಲೆ ಗುಂಡು,
ಯಾರೋ ಎಣಿಸಿಡುತ್ತ ಲೆಕ್ಕ ಮರೆತಂತೆ.

ಹಿರೇಬೆಣಕಲ್ಲಿಗೆ ಇನ್ನೆರಡೇ ಕಿಲೋಮೀಟರು.
ಹಿಂದಿನ ಗಾಲಿ ಉಸ್ಸೆಂದಿತು.

ತೂಬಿನ ಕಟ್ಟೆ ಮೇಲಿದ್ದ ನೀರುಗಂಟಿ ದುರುಗಪ್ಪ
ಕೇಳದೆಯೇ ಟ್ಯೂಬು ಎಳೆದ,
ನೀರಿಗೆ ಅದ್ದಿದ, ಕಾದ.
ಗುಳ್ಳೆ ಒಂದು.
ಮತ್ತೊಂದು.
'ಸಿಕ್ತ್ ನೋಡ್ರಿ, ಜಾಲಿಮುಳ್ಳ. ಎಲ್ಲಿಗ್ ಹೊಂಟೀರಿ?'
'ಮೋರ್ಯರ ಮನೆಗೆ.'
'ಮನ್ಯಾಗ ಯಾರೂ ಇಲ್ರೀ ಈಗ' ಎಂದು ನಕ್ಕ.
ನನ್ನ ಚೀಲದ ತೇಪೆ ಹಚ್ಚಿ ಹೆಬ್ಬೆರಳಲ್ಲಿ ಒತ್ತಿದ.
ದುಡ್ಡು ಒಲ್ಲೆಂದ. ಕಾಲುವೆ ಕಾಯುವವನು
ನನ್ನ ಬಾಟಲಿಯಿಂದ ಎರಡು ಗುಟುಕು ಕುಡಿದ.

ಬುಡಕ್ಕೆ ಸೈಕಲ್ಲು ಒರಗಿಸಿ ಗುಡ್ಡ ಹತ್ತಿದೆ.
ಚಪ್ಪಡಿಯ ಮನೆಗಳು, ಬಾಗಿಲಿಲ್ಲ.
ಒಂದರ ಗೋಡೆಗೆ ದುಂಡನೆಯ ತೂತು.
ಕೈ ತೂರಿಸಿದೆ: ತಂಪು,
ಒಂದು ಹಲ್ಲಿ, ಚಿಪ್ಸಿನ ಖಾಲಿ ಚೀಟು.
ಎಷ್ಟು ಸಾವಿರ ವರ್ಷದಿಂದ
ಗಾಳಿ ಹೋಗುತ್ತಲೇ ಇದೆ ಇಲ್ಲಿಂದ,
ಮನೆ ಇನ್ನೂ ಕುಸಿದಿಲ್ಲ.

ಇಳಿದು ಗಾಲಿ ಹಿಚುಕಿ ನೋಡಿದೆ. ಬಿಗಿ.
ಮರಳುವಾಗ ತೂಬಿನ ಬಳಿ ಅವನಿರಲಿಲ್ಲ.
ಕಟ್ಟೆಯ ಮೇಲೆ ಅದೇ ಮುಳ್ಳು,
ಎತ್ತಿಟ್ಟ ಹಾಗೆ, ನನಗೆಂದು.